ವೈರ್‌ಗಾರ್ಡ್ ಸಂಪರ್ಕ ಸಿಕ್ಕರೂ ಸೈಟ್‌ಗಳು ತೆರೆಯದಿದ್ದರೆ

ಉಬುಂಟುವಿನಲ್ಲಿ ವೈರ್‌ಗಾರ್ಡ್ (ಟ್ರಾಫಿಕ್ಕನ್ನು ಬೇರೆ ಸರ್ವರ್ ಮೂಲಕ ಸಾಗಿಸುವ ವಿಪಿಎನ್) ಏರಿಸುವಾಗ 'ರಿಸಾಲ್ವ್‌ಕಾನ್ಫ್ ಕಮಾಂಡ್ ಇಲ್ಲ' ಅಂತ ಎರರ್ ಬಂತು, ಕಾನ್ಫಿಗ್ ಫೈಲ್‌ನಿಂದ ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಸಾಲು ಅಳಿಸಿದೆ, ಸಂಪರ್ಕ ಬಂತು, ಈಗ ಯಾವ ಸೈಟೂ ತೆರೆಯುತ್ತಿಲ್ಲ ಅಂದಿದ್ದೀರಿ. ಎಡವಿದ್ದು ಅಲ್ಲೇ. ಆ ಸಾಲನ್ನು ಮತ್ತೆ ಹಾಕಿ, ಎರರ್ ಸರಿಪಡಿಸುವ ದಾರಿ ಕೆಳಗಿದೆ.

ಮೊದಲು 1.1.1.1ಕ್ಕೆ ಪಿಂಗ್ ಮಾಡಿ ನೋಡಿ. ಉತ್ತರ ಬಂದರೆ ಸುರಂಗ (ವಿಪಿಎನ್ ಸಂಪರ್ಕ) ಸರಿಯಿದೆ, ಹೆಸರು ಹುಡುಕುವುದಷ್ಟೇ ಕೆಟ್ಟಿದೆ. ನಿಮ್ಮ ಯಂತ್ರ ಇನ್ನೂ ನಿಮ್ಮ ಇಂಟರ್ನೆಟ್ ಸೇವಾದಾರರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತಿರಬೇಕು. ಆದರೆ ಈಗ ಪ್ರಶ್ನೆ ಹೋಗುವುದು ವಿಪಿಎನ್ ಮೂಲಕ. ತಮ್ಮ ಗ್ರಾಹಕರಲ್ಲದವರಿಗೆ ಅಂಥ ಸರ್ವರ್‌ಗಳು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ.

ಉಬುಂಟು ಅಂದಿರಲ್ಲ, ಅದರಲ್ಲಿ ಹೆಸರು ಹುಡುಕುವ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಸೇವೆ ಮೊದಲೇ ಓಡುತ್ತಿರುತ್ತದೆ (ಡಿಎನ್‌ಎಸ್ ವಿಳಾಸ ಬರೆದಿರುವ /etc/resolv.conf ಎಂಬ ರಿಸಾಲ್ವ್ ಫೈಲ್‌ನಲ್ಲಿ 127.0.0.53 ಕಂಡರೆ ಅದೇ). ಹಾಗಾಗಿ ರಿಸಾಲ್ವ್‌ಕಾನ್ಫ್ ಕಮಾಂಡ್ ಕೊಡುವ ಓಪನ್‌ರಿಸಾಲ್ವ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಬೇಡಿ, ಎರಡೂ ಒಂದೇ ಫೈಲ್‌ಗೆ ಜಗಳವಾಡುತ್ತವೆ. ಸಿಸ್ಟಮ್‌ಡಿ-ರಿಸಾಲ್ವ್‌ಡ್ ಜೊತೆ ಬರುವ ರಿಸಾಲ್ವ್‌ಸಿಟಿಎಲ್ ಪ್ರೋಗ್ರಾಂಗೆ 'ರಿಸಾಲ್ವ್‌ಕಾನ್ಫ್' ಎಂಬ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ (ಇನ್ನೊಂದು ಹೆಸರಿನ ಕೊಂಡಿ) ಮಾಡಿದರೆ ಸಾಕು. ಆ ಹೆಸರಿನಿಂದ ಕರೆದಾಗ ಅದು ಹಾಗೆಯೇ ವರ್ತಿಸುತ್ತದೆ. ಆಮೇಲೆ ಸಂಪರ್ಕ ಇಳಿಸಿ, ಮತ್ತೆ ಏರಿಸಿ, ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ನೋಡಿ. ವಿಪಿಎನ್ ಇಂಟರ್‌ಫೇಸ್ ಕೆಳಗೆ ನೀವು ಕೊಟ್ಟ ಡಿಎನ್‌ಎಸ್ ವಿಳಾಸವೂ, ಡೊಮೇನ್ ಜಾಗದಲ್ಲಿ '~.' ಗುರುತೂ (ಎಲ್ಲ ಹೆಸರುಗಳನ್ನೂ ಅಲ್ಲೇ ಕೇಳು ಎಂದರ್ಥ) ಕಾಣಬೇಕು.

ರಿಸಾಲ್ವ್ ಫೈಲನ್ನು ಕೈಯಾರೆ ತಿದ್ದಿ ಅಂತ ಎಲ್ಲೆಡೆ ಸಲಹೆ ಸಿಗುತ್ತದೆ. ನಾನೂ ಅದನ್ನೇ ಮಾಡಿಕೊಂಡು ಕೂತಿದ್ದೆ, ಪ್ರತಿ ಸಲ ರೀಬೂಟ್ ಆದಾಗಲೂ ಅಳಿಸಿಹೋಗುತ್ತಿತ್ತು.

ಪಿಂಗ್‌ಗೇ ಉತ್ತರ ಬರದಿದ್ದರೆ ಡಿಎನ್‌ಎಸ್ ಬಿಡಿ, ಕಾನ್ಫಿಗ್ ಫೈಲ್‌ನ ಅಲೌಡ್ ಐಪಿ ಸಾಲು (ಯಾವ ವಿಳಾಸಗಳು ವಿಪಿಎನ್ ಮೂಲಕ ಹೋಗಬೇಕೆಂದು ಹೇಳುವುದು) ಮತ್ತು ಕೀಗಳನ್ನು ನೋಡಿ.