ಡ್ರೆಸೇಜ್ (ಕುದುರೆಯ ನಡೆ, ತಿರುವುಗಳಿಗೆ ಅಂಕ ಕೊಡುವ ಸವಾರಿ) ಸ್ಪರ್ಧೆ ಬಿಟ್ಟು ಕೋಚ್ ಆಗಬೇಕೆಂದಿದ್ದೇನೆ. ಅದಕ್ಕೂ ಮೊದಲು ಇನ್ನೊಂದೆರಡು ಪದಕ ಗೆಲ್ಲಬೇಕೇ?

ಬೇಡ. ಅದೇ ಲೆಕ್ಕದಲ್ಲಿ ನಾನು ಎರಡು ಸೀಸನ್ ಕಳೆದೆ. ಆಮೇಲೆ ಕೋಚ್ ಆಗಿ ಎಡವಿದ್ದು ಪದಕ ಸಾಲದೆ ಅಲ್ಲ, ಶಿಷ್ಯೆಯನ್ನು ಕುದುರೆಯಿಂದ ಇಳಿಸಿ ನಾನೇ ಹತ್ತಿದ್ದರಿಂದ.

ಹದಿನಾಲ್ಕರ ಹುಡುಗಿ, ರೇಸ್ ಬಿಟ್ಟು ಬಂದ ಥರೋಬ್ರೆಡ್ ಕುದುರೆ. ಕುಕ್ಕುಲೋಟದ ಟ್ರಾಟ್‌ನಲ್ಲಿ ಅದು ತಲೆ ಎತ್ತಿಬಿಡುತ್ತಿತ್ತು, ಬೆನ್ನು ಕುಸಿಯುತ್ತಿತ್ತು. "ಇಳಿಯಮ್ಮ, ತೋರಿಸ್ತೀನಿ" ಅಂತ ಹತ್ತಿ ಇಪ್ಪತ್ತು ನಿಮಿಷ ಸವಾರಿ ಮಾಡುತ್ತಿದ್ದೆ. ಕುದುರೆ ಬೆನ್ನೆತ್ತಿ, ಕಡಿವಾಣ ಮೆಲ್ಲುತ್ತಾ ಚೆನ್ನಾಗಿ ಹೋಗುತ್ತಿತ್ತು. ಅವಳು ಹತ್ತಿದ ಹತ್ತೇ ನಿಮಿಷಕ್ಕೆ ತಲೆ ಮತ್ತೆ ಮೇಲೆ. ಯಾಕೆಂದರೆ ತಿರುವಿಗೆ ಎರಡು ಹೆಜ್ಜೆ ಮುಂಚೆಯೇ ನನ್ನ ಸೊಂಟ ತಾನಾಗಿ ಬಿಗಿಯುತ್ತದೆ, ಕಾಲು ಒತ್ತುತ್ತದೆ, ಹೊರಗಿನ ಲಗಾಮು ಹಿಡಿದ ಬೆರಳುಗಳು ಅರೆಗಳಿಗೆ ಮುಚ್ಚಿ ಸಡಿಲಾಗುತ್ತವೆ. ಈ ಹಾಫ್ ಹಾಲ್ಟ್, ಅಂದರೆ ಕುದುರೆಯನ್ನು ಸಜ್ಜುಗೊಳಿಸುವ ಅರೆಕ್ಷಣದ ತಡೆ, ನನ್ನ ಅರಿವಿಗೇ ಬರುತ್ತಿರಲಿಲ್ಲ. ಹಾಗಾಗಿ ಅವಳಿಗೆ ಹೇಳಿದ್ದು "ಕೈ ಹಗುರ ಮಾಡು" ಅಂತಷ್ಟೇ. ಅವಳು ಮಾಡಿದಳು. ಲಗಾಮು ಜೋತುಬಿತ್ತು, ಕುದುರೆ ಧಾವಿಸಿತು, ಗಾಬರಿಯಾಗಿ ಎಳೆದಳು. ಮೂರು ತಿಂಗಳು ನಾನು ಕಲಿಸಿದ್ದು ಕುದುರೆಗೆ, ಅವಳಿಗಲ್ಲ. ಸ್ಪರ್ಧೆಯ ದಿನ ನಾನು ಹತ್ತುವಂತಿರಲಿಲ್ಲವಲ್ಲ! ಅಂಕದ ಹಾಳೆ ತುಂಬ ಹತ್ತಕ್ಕೆ 5, 4.5. ಮನೆಯವರು ಬೇರೆ ಕೋಚ್ ನೋಡಿಕೊಂಡರು, ಅವರ ಹಿಂದೆಯೇ ಇನ್ನಿಬ್ಬರು ಹೋದರು.

ಈಗ ನಾನು ಹತ್ತುವುದಿಲ್ಲ. ಮೊದಲು ಲಂಜ್ ಹಗ್ಗದಲ್ಲಿ (ಕುದುರೆಯನ್ನು ಸುತ್ತ ಓಡಿಸುವ ಉದ್ದ ಹಗ್ಗ) ಕುದುರೆಯನ್ನು ನಾನು ಹಿಡಿದಿರುತ್ತೇನೆ. ಶಿಷ್ಯರಿಗೆ ಲಗಾಮೂ ಇಲ್ಲ, ಕಾಲಿಡುವ ರಿಕಾಬೂ ಇಲ್ಲ. ಇಪ್ಪತ್ತು ನಿಮಿಷ, ಅರ್ಧಕ್ಕೆ ದಿಕ್ಕು ಬದಲು. ಆಮೇಲೆ 20 ಮೀಟರ್ ವೃತ್ತ. 20×60 ಮೀಟರ್ ಅಂಗಳದ ಅಂಚಿನಲ್ಲಿ ಜಾಗ ಗುರುತಿಸಲು ಅಕ್ಷರಗಳಿರುತ್ತವೆ. ಅಗಲದ ಬದಿಯ ನಡುವಿನ 'ಎ' ಇಂದ ಎಡಸುತ್ತು ಹೊರಟರೆ ಮುಟ್ಟಬೇಕಾದ ಜಾಗ ನಾಲ್ಕೇ: 'ಎ', 'ಎಫ್' ದಾಟಿ 4 ಮೀಟರ್, ನಡುಗೆರೆಯ ಮೇಲೆ 'ಎ' ಇಂದ 20 ಮೀಟರ್, ಎದುರು ಬದಿಯಲ್ಲಿ 'ಕೆ'ಗಿಂತ 4 ಮೀಟರ್ ಮುಂಚೆ. ಅಲ್ಲಲ್ಲಿ ಕೋನ್ ಇಡಿ. ಇಲ್ಲದಿದ್ದರೆ ಎಲ್ಲರೂ ಮೂಲೆಗೆ ನುಗ್ಗುತ್ತಾರೆ, ವೃತ್ತ ಮೊಟ್ಟೆಯಾಗುತ್ತದೆ. ಪ್ರತಿ ಕೋನ್‌ಗೆ ಎರಡು ಹೆಜ್ಜೆ ಮುಂಚೆ ಹಾಫ್ ಹಾಲ್ಟ್. ಯಾವ ಕೈ ಮುಚ್ಚಿತು, ಯಾವಾಗ ಬಿಟ್ಟಿತು ಅಂತ ಅವರೇ ಬಾಯಿಬಿಟ್ಟು ಹೇಳಬೇಕು. ಬಿಡುವುದನ್ನು ಮರೆತರೆ ಕುದುರೆ ಗಲ್ಲ ಎದೆಗೆ ಒತ್ತಿಕೊಂಡು ಹಿಂಗಾಲು ಎಳೆಯುತ್ತದೆ.

41 ವರ್ಷಗಳ ನಂತರ, 2023ರಲ್ಲಿ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರಿಯ ಚಿನ್ನ ತಂದ ನಮ್ಮ ಡ್ರೆಸೇಜ್ ತಂಡದವರು ಯುರೋಪಿನಲ್ಲಿ ತರಬೇತಿ ಪಡೆದವರು. ಇಲ್ಲಿ ಚೆನ್ನಾಗಿ ಸವಾರಿ ಮಾಡುವವರಿದ್ದಾರೆ. ನೆಲದ ಮೇಲೆ ನಿಂತು ಬಿಡಿಸಿ ಹೇಳುವವರು ಕಡಿಮೆ.

ಮುಂದಿನ ಸ್ಪರ್ಧೆಗೆ ರೈಡರ್ ಅಂತ ಹೆಸರು ಕೊಡಬೇಡಿ. 'ಎ'ಗೆ ಎದುರಿನ 'ಸಿ' ಅಕ್ಷರದ ಹತ್ತಿರ ತೀರ್ಪುಗಾರರ ಪಕ್ಕ ಕೂತು ಅಂಕ ಬರೆದುಕೊಳ್ಳುವ ಕೆಲಸ ಕೇಳಿ. ಯಾಕೆ 6, ಯಾಕೆ 5 ಅನ್ನುವುದು ಮಾತಿನಲ್ಲಿ ಕೇಳಸಿಗುವುದು ಅಲ್ಲೇ.