ಎತ್ತಿಟ್ಟವರನ್ನು ಬೈಯಬೇಡಿ

ಅಮೆರಿಕದಲ್ಲಿರುವ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘ಸಮಾನ ಹಕ್ಕಿಗಾಗಿ ಕಪ್ಪು ಜನ ನಡೆಸಿದ ಮೆರವಣಿಗೆಗಳ ಫಲಕ, ಬ್ಯಾಡ್ಜುಗಳು ಇಲ್ಲಿ ಹರಾಜಿಗೆ ಬರುತ್ತವೆ. ಹೋರಾಟವನ್ನು ಹೀಗೆ ಮಾರುವುದು ಸರಿಯೇ?’

ನಿಮ್ಮ ಸಿಟ್ಟು ನ್ಯಾಯವೇ. ದುಡ್ಡಿದ್ದವರ ಹಾಲ್‌ಗೆ ಶೋಕಿಯಾಗಿ ನೇತುಹಾಕುವುದು ನನಗೂ ಹಿಡಿಸದು. ಆದರೆ ಎತ್ತಿಟ್ಟವರು ಇಲ್ಲದಿದ್ದರೆ ನೋಡಲು ಏನು ಉಳಿಯುತ್ತಿತ್ತು ಹೇಳಿ?

ಮೆಂಫಿಸ್ ನಗರವನ್ನೇ ನೋಡಿ. 1968ರ ಫೆಬ್ರವರಿ 1ರಂದು ಮಳೆಗೆ ಕಸದ ಲಾರಿಯೊಳಗೆ ನಿಂತಿದ್ದ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಕಪ್ಪು ಪೌರಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರು ಹಿಡಿದ ಫಲಕದಲ್ಲಿ ಇದ್ದದ್ದು ಇಷ್ಟೇ: ‘ಐ ಆ್ಯಮ್ ಎ ಮ್ಯಾನ್’. ನಾನೂ ಮನುಷ್ಯ ಅಂತ. ‘ಆ್ಯಮ್’ ಕೆಳಗೊಂದು ದಪ್ಪ ಗೆರೆ. ಚಿತ್ರವಿಲ್ಲ, ಬಣ್ಣವಿಲ್ಲ, ಬಿಳಿ ರಟ್ಟಿನ ಮೇಲೆ ಕಪ್ಪು ಅಕ್ಷರ. ಮಾರ್ಚ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ನಡೆಸಿದ ಮೆರವಣಿಗೆಯಲ್ಲಿ ಗಲಾಟೆಯಾಯಿತು. ಕೆಲವರು ಫಲಕದ ಕೋಲು ಕಿತ್ತು ಅಂಗಡಿಗಳ ಗಾಜು ಒಡೆದರು, ಪೊಲೀಸರು ಅಶ್ರುವಾಯು ಸಿಡಿಸಿದರು. ಅಂಥ ದಿನ ರಟ್ಟನ್ನು ಜೋಪಾನ ಮಾಡುವವರು ಯಾರು? ಯಾರೋ ಒಬ್ಬ ಪುಣ್ಯಾತ್ಮ ಮನೆಗೆ ಒಯ್ದು ಬೀರುವಿನ ಹಿಂದೆ ತುರುಕಿದ್ದರಿಂದಲೇ ಇವತ್ತು ಒಂದಷ್ಟು ಉಳಿದಿವೆ.

ಮಾರಾಟದ ಮಾತಿಗೆ ಬಂದರೆ, ಅದು ಆವತ್ತೇ ಇತ್ತಲ್ಲ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯ ಬ್ಯಾಡ್ಜ್ ಇದೆಯಲ್ಲ, ಕಪ್ಪು ಕೈ ಬಿಳಿ ಕೈ ಹಿಡಿದದ್ದು, ಅದನ್ನು ಸಂಘಟಕರೇ 25 ಸೆಂಟಿಗೆ ಮಾರಿದರು. ಖರ್ಚಿಗೆ ದುಡ್ಡು ಬೇಕಿತ್ತು. ಆ ಮೆರವಣಿಗೆ ಕಟ್ಟಿದ ಬೇಯರ್ಡ್ ರಸ್ಟಿನ್ ಅಂಥ ಸಂಘಟಕನಿಗೆ ಇದರಲ್ಲಿ ನಾಚಿಕೆ ಕಾಣಲಿಲ್ಲ, ನಿಮಗೇಕೆ ಸ್ವಾಮಿ?

ನಿಮ್ಮ ಸಿಟ್ಟು ನಕಲಿಗಳ ಮೇಲೆ ತಿರುಗಲಿ. ಈಗಿನ ಪ್ರಿಂಟನ್ನು ಚಹಾ ನೀರಲ್ಲಿ ಅದ್ದಿ ಹಳತು ಮಾಡುವವರೂ ಇದ್ದಾರೆ. ಭೂತಗನ್ನಡಿ ಹಿಡಿಯಿರಿ. ಇಂಕ್‌ಜೆಟ್ ಪ್ರಿಂಟಾದರೆ ಸಣ್ಣ ಚುಕ್ಕಿಗಳು ಕಾಣುತ್ತವೆ. ಅಚ್ಚುಮೊಳೆ ಒತ್ತಿದ್ದಾದರೆ ಅಕ್ಷರದ ಅಂಚಿಗೆ ಮಸಿ ಸರಿದು ನಿಂತಿರುತ್ತದೆ.

ನಮ್ಮ ಕಡೆ ನಕಲಿ ಮಾಡುವವರೂ ಇಲ್ಲ, ಯಾಕಂದ್ರೆ ಅಸಲನ್ನೇ ಕೇಳುವವರಿಲ್ಲ. 1982ರ ಗೋಕಾಕ್ ಚಳವಳಿಯ ಕರಪತ್ರ ಎಷ್ಟು ಮನೆಗಳಲ್ಲಿದೆ? ನನಗೆ ಗೊತ್ತಿರುವ ಒಂದು ಗ್ರಂಥಾಲಯದವರು ಹಳೇ ಕರಪತ್ರದ ಕಟ್ಟುಗಳನ್ನು ತೂಕಕ್ಕೆ ಹಾಕಿದರು. ಕೇಳಿದರೆ, ‘ಇವು ಪುಸ್ತಕ ಅಲ್ವಲ್ಲ ಸಾರ್, ನಂಬರ್ ಕೊಡೋಕೆ ಬರಲ್ಲ’ ಅಂದರು.