ಒಂದೇ ಹೊಂಗೆಮರ, ವರ್ಷವಿಡೀ
ಎಲೆಗಳು ಕೆಂಪಾಗುವ ಶರತ್ಕಾಲವಾಗಲಿ ಹಿಮವಾಗಲಿ ಇಲ್ಲದ ಬೆಂಗಳೂರಿನಲ್ಲಿ ಋತುಗಳನ್ನು ಜಲವರ್ಣದಲ್ಲಿ ಹೇಗೆ ಚಿತ್ರಿಸುವುದೆಂದು ನೀವು ಕೇಳಿದ್ದೀರಿ. ಮನೆಯ ಹತ್ತಿರದ ಒಂದು ಹೊಂಗೆಮರವನ್ನು ಆರಿಸಿಕೊಂಡು, ವರ್ಷವಿಡೀ ಒಂದೇ ಜಾಗದಲ್ಲಿ ಕುಳಿತು ಅದನ್ನೇ ಚಿತ್ರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1890–91ರಲ್ಲಿ ತಾನಿದ್ದ ಜಿವರ್ನಿ ಹಳ್ಳಿಯ ಬಣವೆಗಳನ್ನು ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ಚಿತ್ರಿಸಿದ್ದೂ ಹೀಗೆಯೇ.

ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹಳೆಯ ಎಲೆ ಕಳಚಿ ಚಿಗುರಿದಾಗ, ಆ ಎಳೆಯ ಹಸಿರು ಅಂಗಡಿಯ ಟ್ಯೂಬಿನ ಹಸಿರಿನಿಂದ ಬರುವಂಥದಲ್ಲ: ನಿಂಬೆಹಳದಿಗೆ ನೀಲಿಯನ್ನು ಕುಂಚದ ತುದಿಯಷ್ಟು ಮಾತ್ರ ಬೆರೆಸಿ, ಎಲೆಯ ಹೊಳಪಿಗೆ ಕಾಗದದ ಬಿಳುಪನ್ನೇ ಉಳಿಸಬೇಕು. ಮುಂದೆ ಅದೇ ಮರದ ಬುಡದಲ್ಲಿ ಮಂಡಕ್ಕಿ ಚೆಲ್ಲಿದಂತೆ ಹೂ ಉದುರಿ ಬಿದ್ದಿರುತ್ತದೆ. ಬಿಳುಪಿನಲ್ಲಿ ತುಸುವೇ ನೇರಳೆ. (ಗುಲ್‌ಮೊಹರಿನ ಕೆಂಪಿಗೆ ಮರುಳಾಗುವ ನಾವು ಇದನ್ನು ತುಳಿದುಕೊಂಡು ಹೋಗುತ್ತೇವೆ.) ಮಳೆಗಾಲದ ತೇವದಲ್ಲಿ ಕಾಗದ ನಿಧಾನವಾಗಿ ಒಣಗುವುದರಿಂದ, ಒದ್ದೆ ಕಾಗದದ ಮೇಲೆ ಮೋಡದ ಬಣ್ಣ ತಾನಾಗಿ ಹಬ್ಬಲು ಅದೇ ತಕ್ಕ ಕಾಲ; ಬೇಸಿಗೆಯಲ್ಲಿ ಅಷ್ಟು ವ್ಯವಧಾನ ಸಿಗುವುದಿಲ್ಲ.

ಪ್ರತಿ ಚಿತ್ರದ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಆ ದಿನ ಹೊಸದಾಗಿ ಕಣ್ಣಿಗೆ ಬಿದ್ದದ್ದು ಏನೆಂಬ ಎರಡು ಸಾಲು ಇರಲಿ. ಪೆನ್ಸಿಲಿನಲ್ಲಿಯೇ ಬರೆಯಿರಿ, ಶಾಯಿ ತೇವಕ್ಕೆ ಮುಂಬದಿಗೂ ಇಳಿಯಬಹುದು.